ನುಂಗಿದ ನಡುವಿನ ದನಿ

ದೆಹಲಿಯಲ್ಲಿ ಎರಡು ವರ್ಷ ಚೀನೀ ಭಾಷೆ ಕಲಿತು ಬೀಜಿಂಗಿಗೆ ಹೋದ ಮೊದಲ ವಾರ, ಹಣ್ಣು ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರಲ್ಲಿ ಅಂಚೆ ಕಚೇರಿಯ ದಾರಿ ಕೇಳಿದೆ. ‘ಬುರ್‌ದಾವ್’ ಎಂದರು. ಅದೊಂದು ಬೀದಿಯ ಹೆಸರಿರಬೇಕೆಂದು ಭಾವಿಸಿ, ಆ ಬುರ್‌ದಾವ್ ಎಲ್ಲಿದೆ ಎಂದು ಮತ್ತೆ ಕೇಳಿದೆ. ಅವರು ನಕ್ಕುಬಿಟ್ಟರು. ಅರ್ಥವಾದದ್ದು ರಾತ್ರಿ, ಹಾಸಿಗೆಯಲ್ಲಿ: ‘ಬು-ಜರ್-ದಾವ್’. ಅಂದರೆ ‘ಗೊತ್ತಿಲ್ಲ’. ಮೊದಲ ಪಾಠಗಳಲ್ಲೇ ಕಲಿತಿದ್ದ ಮಾತು!

ಬೀಜಿಂಗಿನವರ ಈ ಅಭ್ಯಾಸಕ್ಕೆ ಅವರ ಭಾಷೆಯಲ್ಲಿ ‘ದನಿ ನುಂಗುವುದು’ ಎಂದೇ ಹೆಸರು. ಮೂರು ದನಿಗಳ ಪದದಲ್ಲಿ ಒತ್ತು ಕೊನೆಯದಕ್ಕೆ, ನಡುವಿನದು ಬಡಪಾಯಿ. ಅದರ ಏರಿಳಿತ ಮಸುಕಾಗುತ್ತದೆ, ವ್ಯಂಜನ ಸಡಿಲಾಗುತ್ತದೆ, ಕಡೆಗೆ ನೆರೆಯ ದನಿಯಲ್ಲಿ ಕರಗಿಹೋಗುತ್ತದೆ. ಟೊಮ್ಯಾಟೊಗೆ ‘ಶಿ-ಹೊಂಗ್-ಶರ್’ ಎನ್ನಬೇಕು. ಅವಸರದ ಬಾಯಲ್ಲಿ ಅದು ‘ಶ್ಯೊಂಗ್-ಶರ್’. ಶ್ಯೊಂಗ್ ಎಂದರೆ ಎದೆ. ಟೊಮ್ಯಾಟೊ ಹಾಕಿ ಹುರಿದ ಮೊಟ್ಟೆ ಕೇಳಿದವರಿಗೆ ‘ಎದೆ’ ಬಡಿಸುವ ಈ ನಗೆಮಾತನ್ನು ಅಲ್ಲಿಯವರೇ ಹೇಳಿಕೊಳ್ಳುತ್ತಾರೆ.

ಇದನ್ನು ಸೋಮಾರಿತನವೆನ್ನಲು ನನಗೆ ಮನಸ್ಸಿಲ್ಲ. ಲಿಪಿಯೇ ಒಪ್ಪಿಕೊಂಡಿದೆಯಲ್ಲ! ‘ಬು-ಯೊಂಗ್’, ಅಂದರೆ ‘ಬೇಕಿಲ್ಲ’, ಕುಗ್ಗಿ ‘ಬಂಗ್’ ಆಯಿತು. ಅದನ್ನು ಬರೆಯುವ ಅಕ್ಷರದಲ್ಲಿ ‘ಬು’ ಮೇಲೆ, ‘ಯೊಂಗ್’ ಕೆಳಗೆ ಒಂದರ ಹೆಗಲ ಮೇಲೊಂದು ಕುಳಿತಿವೆ.

ಅಂದಿನಿಂದ ಆ ಹಣ್ಣಿನಮ್ಮ ನನಗೆ ಮಾತ್ರ ಪ್ರತಿ ದನಿಯನ್ನೂ ಬಿಡಿಸಿ ಹೇಳುತ್ತಿದ್ದರು. ಪಕ್ಕದ ಗಿರಾಕಿಯೊಡನೆ ನುಂಗುವ ಮಾತು, ನನ್ನೊಡನೆ ಪಠ್ಯಪುಸ್ತಕ. ಆ ಮರ್ಯಾದೆ ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿತ್ತು. ಐದನೆಯ ತಿಂಗಳಲ್ಲಿ, ನಾಳೆ ಪೇರಳೆ ಬರುತ್ತದೆಯೇ ಎಂದು ಕೇಳಿದಾಗ, ತಕ್ಕಡಿಯಿಂದ ಕಣ್ಣೆತ್ತದೆ ‘ಬುರ್‌ದಾವ್’ ಎಂದರು. ಆ ದಿನ ಬೇಡವಾದರೂ ಎರಡು ಕಿಲೋ ಸೇಬು ಕೊಂಡೆ.

ದೆಹಲಿಗೆ ಮರಳಿದ ಮೇಲೆ ಮಗನ ಫೋನಿನ ಮಾತು ಬೇರೆಯಾಗಿಯೇ ಕೇಳಿಸತೊಡಗಿತು. ಅವನ ಕನ್ನಡ ನಾನು ಪುಸ್ತಕದಿಂದ ಕಲಿಸಿದ್ದು. ‘ಅಜ್ಜಿ, ಏನು ಮಾಡುತ್ತಿದ್ದೀರಿ?’ ಎನ್ನುತ್ತಾನೆ. ಧಾರವಾಡದಿಂದ ನನ್ನ ಅವ್ವ ಅವನಿಗೆ ನಿಧಾನವಾಗಿ, ಬಿಡಿಸಿ, ಅತಿಥಿಗೆ ಹೇಳುವಂತೆ ಉತ್ತರಿಸುತ್ತಾಳೆ. ಅಲ್ಲಿಯ ಮೊಮ್ಮಕ್ಕಳಂತೆ ಅವನೂ ಒಮ್ಮೆ ‘ಮಾಡ್ಲಿಕ್ಕತ್ತೀ’ ಎಂದಾಗ ತಿದ್ದಿದವನು ನಾನೇ.

ಕಳೆದ ಭಾನುವಾರ ಅವನು ಮತ್ತೆ ಅಂದ: ‘ಅಜ್ಜೀ, ಏನ್ ಮಾಡ್ಲಿಕ್ಕತ್ತೀ?’ ನಾನು ತಿದ್ದಲಿಲ್ಲ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವ್ವ ಎಂಥ ವೇಗದಲ್ಲಿ ಶುರುಮಾಡಿದಳೆಂದರೆ, ಅವನಿಗೆ ಅರ್ಧವೂ ತಿಳಿದಂತೆ ಕಾಣಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ‘ಹೂಂ, ಹೂಂ’ ಎನ್ನುತ್ತಲೇ ಇದ್ದ.