ಬೀಗ ಹಾಕಿದ ಕೋಣೆಗೆ ಮೊದಲ ಬಹುಮಾನ

ಕಟ್ಟಡಗಳ ಕರೆಂಟ್ ಬಿಲ್ಲು ಓದುವುದು ನನ್ನ ಹೊಟ್ಟೆಪಾಡು. ಮನೆ ಘಾಟ್ಕೋಪರಿನಲ್ಲಿ. ವಿದ್ಯಾವಿಹಾರ, ಕಲೀನಾ, ಪೊವಾಯಿ ಸುತ್ತಲೇ ಇರುವುದರಿಂದ ಕಾಲೇಜು, ವಿಶ್ವವಿದ್ಯಾಲಯಗಳ ಆವರಣಗಳಿಗೆ ಇಲ್ಲಿ ಬರವಿಲ್ಲ.

ಹಸಿರು ಕಟ್ಟಡವನ್ನು ಅಳೆಯುವ ‘ಗೃಹ’, ‘ಲೀಡ್’ ಪದ್ಧತಿಗಳಲ್ಲಿ ನೀರಿಗೆ, ಕಸಕ್ಕೆ, ಸಾಮಗ್ರಿಗೆ ಬೇರೆ ಬೇರೆ ಅಂಕಗಳಿವೆ. ಆದರೆ ಸಭೆಯಲ್ಲಿ ಎಲ್ಲರ ಕಣ್ಣು ನೆಡುವುದು ಒಂದೇ ಸಂಖ್ಯೆಯ ಮೇಲೆ: ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಎಷ್ಟು ಯೂನಿಟ್? ಗಾಜು ಹೊದ್ದು, ಮೇ ತಿಂಗಳಿಡೀ ಎಸಿಯನ್ನು ದುಡಿಸುವ ಕಟ್ಟಡ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಅಷ್ಟರಮಟ್ಟಿಗೆ ಅದು ಒಳ್ಳೆಯದೇ.

ಕಳೆದ ವರ್ಷ ಒಂದು ಆವರಣದ ಲೆಕ್ಕ ಹಾಕಿದಾಗ ಮೊದಲ ಸ್ಥಾನ ಬಂದದ್ದು ಹೆಚ್ಚು ದಿನ ಬೀಗ ಹಾಕಿಯೇ ಇರುವ ಸಭಾಂಗಣಕ್ಕೆ. ಕೊನೆಯ ಸ್ಥಾನ, ರಾತ್ರಿ ಹನ್ನೊಂದರವರೆಗೆ ತೆರೆದಿರುವ ಓದುವ ಕೋಣೆಗೆ. ಅದನ್ನು ಸಂಜೆ ಆರಕ್ಕೇ ಮುಚ್ಚಿದರೆ ಅಂಕ ಏರುತ್ತದೆ ಎಂಬ ಸಲಹೆಯೂ ಬಂತು.

ಆ ಕೋಣೆಯಲ್ಲಿ ಕೂರುವವರು ಯಾರು? ಮೆಟ್ರೋದಿಂದ ಕಾಣುವ ಅಸಲ್ಫಾ ಗುಡ್ಡದ ಮನೆಗಳಂಥವುಗಳಿಂದ ಬರುವ ಹುಡುಗರು, ಹುಡುಗಿಯರು. ಹತ್ತಡಿ ಕೋಣೆಯಲ್ಲಿ ಐದು ಜನ ಮಲಗುವ ಕಡೆ ಪುಸ್ತಕ ಬಿಚ್ಚುವುದೆಲ್ಲಿ?

ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಹಗಲು ಮಕ್ಕಳು ಕೂತ ಬೆಂಚಿನಲ್ಲೇ ರಾತ್ರಿ ಇವರು. ದೀಪದ ಖರ್ಚು ಹೆಚ್ಚಿತು, ನಿಜ. ಆದರೆ ಇನ್ನೊಂದು ಶಾಲೆ ಕಟ್ಟುವ ಸಿಮೆಂಟು, ಕಬ್ಬಿಣ ಪೂರ್ತಿ ಉಳಿಯಿತು. ಆ ಉಳಿತಾಯ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಹಾಗಾಗಿ ವರದಿಗೆ ಇನ್ನೊಂದು ಕಾಲಂ ಸೇರಿಸಿದೆ: ಒಬ್ಬ ವಿದ್ಯಾರ್ಥಿ ಒಂದು ಗಂಟೆ ಕೂರಲು ಎಷ್ಟು ಯೂನಿಟ್? ಉದಾಹರಣೆಗೆ ತಲಾ 100 ಚದರ ಮೀಟರಿನ ಎರಡು ಕೋಣೆಗಳಿವೆ ಎನ್ನಿ. ಒಂದಕ್ಕೆ ವರ್ಷಕ್ಕೆ 6,000 ಯೂನಿಟ್. 20 ಜನ, 1,500 ಗಂಟೆ. ಇನ್ನೊಂದಕ್ಕೆ 12,000 ಯೂನಿಟ್. 40 ಜನ, 4,000 ಗಂಟೆ. ಚದರ ಮೀಟರಿನ ಲೆಕ್ಕದಲ್ಲಿ ಎರಡನೆಯದು ದುಪ್ಪಟ್ಟು ದುಂದುಗಾರ. ತಲೆ-ಗಂಟೆಯ ಲೆಕ್ಕದಲ್ಲಿ ಮೊದಲನೆಯದು 0.2 ಯೂನಿಟ್, ಎರಡನೆಯದು 0.075.

ಫೋರ್ಟ್‌ನಲ್ಲಿ 1878ರಲ್ಲಿ ಮುಗಿದ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರಕ್ಕೆ ಬಳಸಿದ್ದು ನಮ್ಮ ಪಕ್ಕದ ಕುರ್ಲಾದ ಕಲ್ಲು. ಕಲ್ಲು ಹತ್ತಿರದ್ದು ಎಂಬುದು ಅದರ ಅರ್ಧ ಹಿರಿಮೆ. ಇಷ್ಟು ಕಾಲ ಅದರ ನೆರಳಲ್ಲಿ ಜನ ಕೂತು ಓದಿದ್ದಾರೆ ಎಂಬುದು ಇನ್ನರ್ಧ.

ಓದುವ ಕೋಣೆಯ ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ, ಬೀಗ ಹಾಕಿದ ಸಭಾಂಗಣದಲ್ಲಿ ಪಾಠ ನಡೆಸಿ ಎಂದು ಬರೆದುಕೊಟ್ಟಿದ್ದೇನೆ. ಸದ್ಯಕ್ಕೆ ಹನ್ನೊಂದರವರೆಗೆ ಅಲ್ಲಿ ದೀಪ ಉರಿಯುತ್ತಿದೆ.