ಒಬ್ಬನೇ ಹಾಡಿದ ಕೋರಸ್

ಆಲ್ಬಮ್ಮಿನ ಹೆಸರು 'ಫಾರ್ ಎಮ್ಮಾ, ಫಾರೆವರ್ ಅಗೋ'. ಹಾಡಿದವರು ಬೋನ್ ಈವೇರ್. ಹೆಸರು ಕೇಳಿದರೆ ಯಾವುದೋ ಬ್ಯಾಂಡ್ ಅನ್ನಿಸುತ್ತೆ. ಆದರೆ ಆಗ ಆ ಬ್ಯಾಂಡಿನಲ್ಲಿ ಇದ್ದದ್ದು ಒಬ್ಬನೇ, ಜಸ್ಟಿನ್ ವರ್ನನ್ ಅನ್ನೋ 25 ವರ್ಷದ ಹುಡುಗ. ಒಂಬತ್ತು ಹಾಡು, ಒಟ್ಟು 37 ನಿಮಿಷ. ಒಂದು ಕ್ಲಾಸಿಗಿಂತ ಚಿಕ್ಕದು. ನಮ್ಮ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಇದನ್ನು ಕೇಳದೆ ಉಳಿದವರು ಕಡಿಮೆ. ಎಲ್ಲರಿಗೂ ಇಷ್ಟ ಅಂತಲ್ಲ, ನಾವು ನಾಲ್ವರು ಸ್ಪೀಕರ್ ಇಟ್ಟುಕೊಂಡಿದ್ದೇವೆ ಅಂತ.

ಈ ಆಲ್ಬಮ್ ಬಗ್ಗೆ ಎಲ್ಲರಿಗೂ ಗೊತ್ತಿರೋ ಕಥೆ ಒಂದೇ ಸಾಲಿನದು. ಮನಸ್ಸು ಮುರಿದ ಹುಡುಗನೊಬ್ಬ ಹಿಮ ಬಿದ್ದ ಕಾಡಿನೊಳಗಿನ ಮರದ ಮನೆಗೆ ಹೋದ, ಮೂರು ತಿಂಗಳು ಒಬ್ಬನೇ ಇದ್ದ, ಹೊರಗೆ ಬಂದಾಗ ಕೈಯಲ್ಲಿ ಮಾಸ್ಟರ್‌ಪೀಸ್ ಇತ್ತು. ಕಥೆ ಚೆನ್ನಾಗಿದೆ. ಆದರೆ ಈ ಸೆಮಿಸ್ಟರ್‌ನಲ್ಲಿ ಅದು ನಮಗೆ ಸ್ವಲ್ಪ ತಲೆನೋವು ಕೊಟ್ಟಿತು. ನಮ್ಮ ನಾಲ್ವರಲ್ಲಿ ಮೂವರಿಗೆ ಪ್ಲೇಸ್‌ಮೆಂಟ್ ಆಯ್ತು, ಒಬ್ಬನಿಗೆ ಆಗಲಿಲ್ಲ. ಏಳು ಇಂಟರ್‌ವ್ಯೂ, ಏಳಕ್ಕೂ ಒಂದೇ ಥರದ ಇ-ಮೇಲ್. ಏಳನೆಯದು ಬಂದ ರಾತ್ರಿ ಅವನು ಮಾತಾಡಲಿಲ್ಲ. ಮರುದಿನ ತಿಂಡಿಗೆ ಕೂತಾಗ ಬಹಳ ಸಮಾಧಾನವಾಗಿ ಹೇಳಿದ: "ಪರೀಕ್ಷೆ ಮುಗಿದ ಮೇಲೆ ಅಜ್ಜಿ ಮನೆಗೆ ಹೋಗ್ತೀನಿ. ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಫೋನ್ ಆಫ್ ಮಾಡಿ ಮಳೆಗಾಲ ಪೂರ್ತಿ ಅಲ್ಲೇ ಇರ್ತೀನಿ. ವರ್ನನ್ ಥರ."

'ವರ್ನನ್ ಥರ' ಅಂದರೆ ಏನು? ನಮಗೆ ಉಳಿದ ಮೂವರಿಗೆ ಆ ಸಮಾಧಾನವೇ ಇಷ್ಟವಾಗಲಿಲ್ಲ. ಬೇಡ ಅನ್ನೋದಕ್ಕೂ ನಮ್ಮ ಹತ್ತಿರ ಕಾರಣ ಇರಲಿಲ್ಲ, ಬೇರೆ ಪ್ಲಾನ್ ಅಂತೂ ಇರಲೇ ಇಲ್ಲ. ಹಾಗಾಗಿ ಎಂಜಿನಿಯರುಗಳು ಮಾಡೋ ಕೆಲಸವನ್ನೇ ಮಾಡಿದೆವು: ಆ ಆಲ್ಬಮ್ ಹೇಗೆ ತಯಾರಾಯಿತು ಅಂತ ಬಿಚ್ಚಿ ನೋಡಲು ಕೂತೆವು. ಬೇಡ ಬೇಡ ಅನ್ನುತ್ತಲೇ ಅವನೂ ಪಕ್ಕದಲ್ಲಿ ಬಂದು ಕೂತ.

ವರ್ನನ್ ಹುಟ್ಟಿ ಬೆಳೆದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಊರಲ್ಲಿ. ಹೈಸ್ಕೂಲಿನಿಂದಲೇ ಬ್ಯಾಂಡ್ ಕಟ್ಟಿಕೊಂಡಿದ್ದ. ಆಮೇಲೆ ಗೆಳೆಯರ ಜೊತೆ 'ಡಿಯಾರ್ಮಂಡ್ ಎಡಿಸನ್' ಅಂತ ಒಂದು ಬ್ಯಾಂಡ್. ಅದು ಇವನದೇ ಮಧ್ಯದ ಎರಡು ಹೆಸರು. ಬ್ಯಾಂಡಿಗೆ ತನ್ನ ಹೆಸರಿಟ್ಟುಕೊಂಡವನ ಕಥೆ ಏನಾಗುತ್ತೆ ಅಂತ ನಮ್ಮ ಕಾಲೇಜ್ ಫೆಸ್ಟ್ ನೋಡಿದವರಿಗೆ ಗೊತ್ತು. 2005ರಲ್ಲಿ ಎಲ್ಲರೂ ಸೇರಿ ಊರು ಬಿಟ್ಟು ನಾರ್ತ್ ಕ್ಯಾರೊಲಿನಾದ ರಾಲೀ ನಗರಕ್ಕೆ ಹೋದರು. 2006ರಲ್ಲಿ ಬ್ಯಾಂಡ್ ಒಡೆಯಿತು. ಉಳಿದ ಮೂವರು 'ಮೆಗಾಫಾನ್' ಅಂತ ಬೇರೆ ಬ್ಯಾಂಡ್ ಮಾಡಿಕೊಂಡರು. ಪ್ರೀತಿಸಿದವಳ ಜೊತೆಗೂ ಮುರಿಯಿತು. ಅದರ ಮೇಲೆ ಮಾನೊನ್ಯೂಕ್ಲಿಯೋಸಿಸ್ ಅನ್ನೋ ಕಾಯಿಲೆ ಬಂದು, ಅದು ಲಿವರ್‌ಗೆ ತಗುಲಿ, ವಾರಗಟ್ಟಲೆ ಹಾಸಿಗೆ ಹಿಡಿದ.

ಹಾಸಿಗೆಯಲ್ಲಿ ಬಿದ್ದವನು ನೋಡಿದ್ದು 'ನಾರ್ದರ್ನ್ ಎಕ್ಸ್‌ಪೋಷರ್' ಅನ್ನೋ ಹಳೇ ಟಿವಿ ಸೀರಿಯಲ್. ಅಲಾಸ್ಕಾದ ಒಂದು ಸಣ್ಣ ಊರಿನ ಕಥೆ. ಅದರ ಒಂದು ಎಪಿಸೋಡಿನಲ್ಲಿ ವರ್ಷದ ಮೊದಲ ಹಿಮ ಬಿದ್ದಾಗ ಊರಿನವರೆಲ್ಲ ಹೊರಗೆ ಬಂದು ಫ್ರೆಂಚಿನಲ್ಲಿ 'ಬಾನ್ ಈವೇರ್' ಅಂತ ಒಬ್ಬರಿಗೊಬ್ಬರು ಹಾರೈಸುತ್ತಾರೆ, ಒಳ್ಳೆ ಚಳಿಗಾಲ ಸಿಗಲಿ ಅಂತ. ಇವನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಆಮೇಲೆ ಸರಿಯಾದ ಸ್ಪೆಲ್ಲಿಂಗ್ ಗೊತ್ತಾದಾಗ ಆ ಎರಡನೇ ಪದ ಕಣ್ಣಿಗೆ 'ಲಿವರ್' ಇದ್ದ ಹಾಗೆ ಕಂಡಿತು. ಲಿವರ್ ಸಾಕಷ್ಟು ಕಾಟ ಕೊಟ್ಟಿತ್ತಲ್ಲ, ಅದಕ್ಕೆ ಮೊದಲ ಅಕ್ಷರವನ್ನೇ ಕಿತ್ತುಹಾಕಿದ. ಜಗತ್ತಿನ ಅತಿ ಬೇಸರದ ಆಲ್ಬಮ್ ಅಂತ ಜನ ಕರೆಯೋ ಇದರ ಮೇಲಿರೋ ಹೆಸರು ಇಡೀ ಊರು ಸೇರಿ ಹೇಳೋ ಒಂದು ಶುಭಾಶಯದಿಂದ ಬಂದದ್ದು. ನಮಗೆ ಇದು ಮೊದಲು ಹೊಳೆದಿರಲಿಲ್ಲ.

2006ರ ನವೆಂಬರಿನಲ್ಲಿ ಕಾರಿಗೆ ಸಾಮಾನು ತುಂಬಿಕೊಂಡು ವಿಸ್ಕಾನ್ಸಿನ್‌ಗೆ ವಾಪಸ್ ಹೊರಟ. ಹೋದದ್ದು ಅಪರಿಚಿತ ಕಾಡಿಗಲ್ಲ, ಅಪ್ಪನ ಬೇಟೆ ಮನೆಗೆ. ಡನ್ ಕೌಂಟಿಯಲ್ಲಿರೋ ಅದು ಚಿಕ್ಕಂದಿನಿಂದ ಓಡಾಡಿದ ಜಾಗ. ಅಪ್ಪ ಮಧ್ಯೆ ಮಧ್ಯೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಸೌದೆ ಒಡೆಯೋದು, ಜಿಂಕೆ ಬೇಟೆಯಾಡಿ ಅದರ ಮಾಂಸದಲ್ಲೇ ದಿನ ದೂಡೋದು, ಸುಮ್ಮನೆ ಕೂರೋದು. ಆಲ್ಬಮ್ ಮಾಡಬೇಕು ಅಂತ ಹೋಗಿರಲಿಲ್ಲ, ಅದನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ. ಬೇರೆ ಎಲ್ಲಿಗೆ ಹೋಗೋದು ಅಂತ ಗೊತ್ತಿಲ್ಲದೆ ಹೋದದ್ದು. ರೆಕಾರ್ಡಿಂಗ್ ಸಾಮಾನು ಜೊತೆಗೆ ಬಂದಿತ್ತು, ಯಾಕಂದರೆ ಅದೇ ಅವನ ಆಸ್ತಿ. ಹತ್ತಿರತ್ತಿರ ಮೂರು ತಿಂಗಳು ಕಳೆದದ್ದು ಹೀಗೆ.

"ಅಪ್ಪ ಬರ್ತಿದ್ರಾ?" ಅಂತ ನಮ್ಮ ಮಾರಾಯ ಕೇಳಿದ. ಕಥೆಯ ಒಂದು ಸಾಲಿನ ಆವೃತ್ತಿಯಲ್ಲಿ ಅಪ್ಪ ಇಲ್ಲ, ಅದಕ್ಕೆ.

ಇನ್ನು ಸಾಮಾನಿನ ವಿಷಯ. ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಇಷ್ಟವಿಲ್ಲದವರು ಎರಡು ಪ್ಯಾರಾ ದಾಟಿಕೊಳ್ಳಿ. ಮುಖ್ಯ ಮೈಕ್ ಶೂರ್ ಕಂಪನಿಯ ಎಸ್‌ಎಂ57. 1965ರಿಂದ ಮಾರುಕಟ್ಟೆಯಲ್ಲಿರೋ ಡೈನಾಮಿಕ್ ಮೈಕ್. ಸ್ನೇರ್ ಡ್ರಮ್ ಮುಂದೆ, ಗಿಟಾರ್ ಆಂಪ್ ಮುಂದೆ, ಅಮೆರಿಕದ ಅಧ್ಯಕ್ಷರು ಭಾಷಣ ಮಾಡೋ ಕಟ್ಟೆಯ ಮೇಲೆ, ಎಲ್ಲ ಕಡೆ ಕಾಣೋದು ಇದೇ. ಮೈಕುಗಳ ಲೋಕದ ಸ್ಪ್ಲೆಂಡರ್ ಬೈಕ್ ಅನ್ನಿ. ಅದರ ವ್ಯಾಪ್ತಿ ಸುಮಾರು 40 ಹರ್ಟ್ಸ್‌ನಿಂದ 15 ಕಿಲೋಹರ್ಟ್ಸ್. ಸ್ಟುಡಿಯೋದ ದುಬಾರಿ ಕಂಡೆನ್ಸರ್ ಮೈಕು ಹಿಡಿಯೋ ಉಸಿರು, ಹೊಳಪು ಇದಕ್ಕೆ ಅಷ್ಟು ಸಿಗಲ್ಲ. ಜೊತೆಗೊಂದು ಹಳೇ ಸಿಲ್ವರ್‌ಟೋನ್ ಗಿಟಾರ್, ಒಂದು ಲ್ಯಾಪ್‌ಟಾಪ್, ಅದರಲ್ಲಿ ಪ್ರೋ ಟೂಲ್ಸ್. ಸುಮ್ಮನೆ ಲೆಕ್ಕ ಹಾಕಿದರೆ ಈಗ ನಮ್ಮ ಮಹಡಿಯಲ್ಲಿರೋ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಒಂದರ ಬೆಲೆಗೂ ಇದೆಲ್ಲ ಬರುತ್ತಿರಲಿಲ್ಲವೇನೋ.

ಈ ಬಡ ಸಾಮಾನಿನಲ್ಲಿ ಆ ಸದ್ದು ಹೇಗೆ ಬಂತು? ಉತ್ತರ ಪುನರಾವರ್ತನೆ. ವರ್ನನ್ ತನ್ನ ಮಾಮೂಲಿ ದನಿ ಬಿಟ್ಟು ಕಳ್ಳದನಿಯಲ್ಲಿ, ಅಂದರೆ ಫಾಲ್ಸೆಟ್ಟೋದಲ್ಲಿ ಹಾಡಿದ. ಒಂದು ಸಲ ಅಲ್ಲ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ ಪದರದ ಮೇಲೆ ಪದರ ಪೇರಿಸಿದ. 'ಲಂಪ್ ಸಮ್' ಹಾಡಿನ ಶುರುವಿನಲ್ಲಿ ಚರ್ಚಿನ ಗಾಯಕವೃಂದವೇ ನಿಂತ ಹಾಗೆ ಕೇಳುತ್ತಲ್ಲ, ಅಷ್ಟೂ ಜನ ಒಬ್ಬನೇ. ನಾವು ಇದನ್ನು ರೂಮಿನಲ್ಲಿ ಪರೀಕ್ಷೆ ಮಾಡಿದೆವು. ಕಿಟಕಿಗೆ ಕಂಬಳಿ ಕಟ್ಟಿ, ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ, ನಮ್ಮವನ ಕೈಲೇ ಒಂದು ಆಲಾಪ ಹಾಡಿಸಿದೆವು. ಮೊದಲು ಆ ಒಂದೇ ಟ್ರ್ಯಾಕನ್ನು ಎಂಟು ಸಲ ಕಾಪಿ-ಪೇಸ್ಟ್ ಮಾಡಿದೆವು. ಏನೂ ಆಗಲಿಲ್ಲ, ಸದ್ದು ಜೋರಾಯಿತು ಅಷ್ಟೇ. ಆಗಲೇಬೇಕು: ಒಂದೇ ತರಂಗದ ಎಂಟು ಪ್ರತಿ ಕೂಡಿದರೆ 18 ಡೆಸಿಬೆಲ್ ಜಾಸ್ತಿ, ಬೇರೇನೂ ಇಲ್ಲ. ಆಮೇಲೆ ಅದನ್ನೇ ನಿಜವಾಗಿ ಎಂಟು ಸಲ ಹಾಡಿಸಿದೆವು. ಈಗ ಲೆಕ್ಕದ ಪ್ರಕಾರ ಏರೋದು 9 ಡೆಸಿಬೆಲ್ ಆಸುಪಾಸು, ಅಂದರೆ ಸದ್ದು ಕಡಿಮೆ. ಆದರೆ ರೂಮೇ ದೊಡ್ಡದಾಯಿತು! ಮನುಷ್ಯನಿಗೆ ಒಂದೇ ಸ್ವರವನ್ನು ಎರಡು ಸಲ ಒಂದೇ ಥರ ಹಾಡೋಕೆ ಬರಲ್ಲ. ಒಂದು ಸಲ 440 ಹರ್ಟ್ಸ್, ಇನ್ನೊಂದು ಸಲ 442. ಅವೆರಡರ ನಡುವೆ ಸೆಕೆಂಡಿಗೆ ಎರಡು ಬೀಟ್ಸ್ ಏಳುತ್ತೆ. ಪಿಯುಸಿ ಫಿಸಿಕ್ಸ್‌ನಲ್ಲಿ ಎರಡು ಮಾರ್ಕಿಗೆ ಬರೆದದ್ದೇ. ಉಸಿರು ಒಂದು ಕಡೆ ಮೊದಲು ನಿಲ್ಲುತ್ತೆ, ಒಂದು ಕಡೆ ಆಮೇಲೆ. ಈ ಸಣ್ಣ ಸಣ್ಣ ಹೊಂದಾಣಿಕೆ ತಪ್ಪಿದ ಜಾಗಗಳಿಂದಲೇ ಕಿವಿ ಇಲ್ಲಿ ತುಂಬಾ ಜನ ಇದ್ದಾರೆ ಅಂತ ತಿಳಿದುಕೊಳ್ಳುತ್ತೆ.

ಹಾಡಿದವನು ಬೆವರು ಒರೆಸಿಕೊಳ್ಳುತ್ತ ಹೆಡ್‌ಫೋನಿನಲ್ಲಿ ತನ್ನನ್ನೇ ಕೇಳಿಕೊಂಡ. ನಾವು ಕಾಯುತ್ತಿದ್ದೆವು. "ಎಂಟು ಜನರಲ್ಲಿ ಒಬ್ಬನಿಗೂ ಪ್ಲೇಸ್‌ಮೆಂಟ್ ಆಗಿಲ್ವಲ್ರೋ" ಅಂದ. ಹದಿನೈದು ದಿನದಲ್ಲಿ ಅವನು ಮಾಡಿದ ಮೊದಲ ಜೋಕ್ ಅದು. ನಕ್ಕಿದ್ದಕ್ಕೆ ಪಕ್ಕದ ರೂಮಿನವರು ಗೋಡೆ ಗುದ್ದಿದರು. ಆ ಗುದ್ದು ಏಳನೇ ಟ್ರ್ಯಾಕಿನಲ್ಲಿ ದಾಖಲಾಗಿದೆ.

ಸಾಹಿತ್ಯದ ವಿಷಯಕ್ಕೂ ಬರೋಣ, ಅದು ಇನ್ನೂ ವಿಚಿತ್ರ. ವರ್ನನ್ ಮೊದಲು ಪದಗಳೇ ಇಲ್ಲದೆ ಬರೀ ಸ್ವರ, ಉಲಿ ಹಾಡಿ ರೆಕಾರ್ಡ್ ಮಾಡುತ್ತಿದ್ದ. ಆಮೇಲೆ ಅದನ್ನೇ ಮತ್ತೆ ಮತ್ತೆ ಕೇಳಿ, ಆ ಉಲಿಯಲ್ಲಿ ಯಾವ ಪದ ಅಡಗಿದೆ ಅಂತ ಹುಡುಕಿ ಬರೆಯುತ್ತಿದ್ದ. ನಮ್ಮ ಸಿನಿಮಾದವರು ಟ್ಯೂನಿಗೆ ಡಮ್ಮಿ ಲಿರಿಕ್ಸ್ ಹಾಕ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಇಲ್ಲಿ ಡಮ್ಮಿಯೇ ಅಸಲಿ. ಅದಕ್ಕೇ ಈ ಹಾಡುಗಳ ಅರ್ಥ ಕೇಳಿದರೆ ಯಾರೂ ನೆಟ್ಟಗೆ ಹೇಳಲ್ಲ, ನಮಗೂ ಆಗಲ್ಲ. ಇಂಗ್ಲಿಷ್ ಮೀಡಿಯಮ್ಮಿನವನಿಗೂ ಕನ್ನಡ ಮೀಡಿಯಮ್ಮಿನವನಿಗೂ ಸಮಾನವಾಗಿ ಅರ್ಥವಾಗದ ಹಾಡುಗಳು ಇವು, ಹಾಗಾಗಿ ನಮ್ಮ ರೂಮಿನಲ್ಲಿ ಈ ಆಲ್ಬಮ್ ಮುಂದೆ ಯಾರೂ ಕೀಳಲ್ಲ. 'ಟೀಮ್' ಅನ್ನೋ ಹಾಡಿನಲ್ಲಂತೂ ಸಾಹಿತ್ಯದ ಗೊಡವೆಯೇ ಇಲ್ಲ, ಇರೋದು ವಾದ್ಯ ಮತ್ತು ಸಿಳ್ಳೆ. ಒಂಟಿಯಾಗಿರೋನು ಒಂದು ತುಣುಕಿಗೆ 'ಟೀಮ್' ಅಂತ ಹೆಸರಿಟ್ಟು ಸಿಳ್ಳೆ ಹಾಕಿದ್ದು ನಮಗೆ ಈ ಆಲ್ಬಮ್ಮಿನ ಅತ್ಯಂತ ದುಃಖದ ಜಾಗ. 'ಸ್ಕಿನ್ನಿ ಲವ್' ಅಲ್ಲ. ಅದನ್ನು ಎಲ್ಲರೂ ಕವರ್ ಮಾಡಿ ಮಾಡಿ ಸವೆಸಿದ್ದಾರೆ, ನಮ್ಮ ಫೆಸ್ಟಿನಲ್ಲೇ ಎರಡು ಸಲ.

ಆಮೇಲೆ 'ಫಾರ್ ಎಮ್ಮಾ' ಹಾಡು. ಇದರಲ್ಲಿ ಟ್ರಂಪೆಟ್ ಇದೆ, ಟ್ರೊಂಬೋನ್ ಇದೆ. ಕಾಡಿನಲ್ಲಿ ಟ್ರೊಂಬೋನ್ ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಕಾಡಿನಿಂದ ಹೊರಬಂದ ಮೇಲೆ ಬೇರೆ ಸಂಗೀತಗಾರರು ನುಡಿಸಿ ಸೇರಿಸಿದ್ದು. ಇನ್ನೂ ಒಂದೆರಡು ಕಡೆ ಬೇರೆಯವರ ಕೈ ಇದೆ. ಮೊದಲು ಇವನು ಇದನ್ನು ಬರೀ ಡೆಮೊ ಅಂದುಕೊಂಡಿದ್ದ. ಕೇಳಿದ ಗೆಳೆಯರು ಇದೇ ಆಲ್ಬಮ್ ಕಣೋ, ಹೀಗೇ ಬಿಡು ಅಂದರು. 2007ರಲ್ಲಿ ತಾನೇ 500 ಸಿಡಿ ಮಾಡಿಸಿದ. 2008ರ ಫೆಬ್ರವರಿಯಲ್ಲಿ ಜಾಗ್‌ಜಾಗ್ವಾರ್ ಅನ್ನೋ ಕಂಪನಿ ಬಿಡುಗಡೆ ಮಾಡಿತು. 2012ರಲ್ಲಿ ಬೋನ್ ಈವೇರ್‌ಗೆ ಹೊಸ ಕಲಾವಿದರ ಗ್ರ್ಯಾಮಿ ಸಿಕ್ಕಿತು. ಹೈಸ್ಕೂಲಿನಿಂದ ಬ್ಯಾಂಡ್ ನಡೆಸಿದವನು ಮೂವತ್ತು ದಾಟಿದ ಮೇಲೆ 'ಹೊಸಬ'.

ಮುಂದಿನದನ್ನು ಓದಿದಾಗ ನಮ್ಮವನು ಮೊಬೈಲ್ ಕೆಳಗಿಟ್ಟ. ಆ ಮನೆಯಿಂದ ಬಂದ ಮೇಲೆ ವರ್ನನ್ ಮತ್ತೆ ಹಾಗೆ ಒಬ್ಬನೇ ಕೂತು ಆಲ್ಬಮ್ ಮಾಡಲು ಹೋಗಲಿಲ್ಲ. ಅಣ್ಣತಮ್ಮ ಸೇರಿ ಓ ಕ್ಲೇರ್ ಹತ್ತಿರದ ಫಾಲ್ ಕ್ರೀಕ್‌ನಲ್ಲಿ ಹಿಂದೆ ಪಶು ಆಸ್ಪತ್ರೆಯಾಗಿದ್ದ ಕಟ್ಟಡ ಕೊಂಡು ಸ್ಟುಡಿಯೋ ಮಾಡಿದರು. ಅಲ್ಲಿಗೆ ಜನ ಬರುತ್ತಾ ಹೋದರು, ಹಾಡುಗಳಿಗೂ ಜನ ಸೇರಿದರು. 2015ರಲ್ಲಿ ಊರಿನಲ್ಲೇ ಸಂಗೀತ ಹಬ್ಬ ಶುರುಮಾಡಿದ. ಒಡೆದುಹೋದ ಆ ಹಳೇ ಬ್ಯಾಂಡಿನ ಬ್ರ್ಯಾಡ್ ಕುಕ್ ಇದ್ದನಲ್ಲ, 2019ರ ಬೋನ್ ಈವೇರ್ ಆಲ್ಬಮ್ಮಿನ ನಿರ್ಮಾಪಕರಲ್ಲಿ ಅವನೂ ಒಬ್ಬ.

ಇದನ್ನೆಲ್ಲ ಹೇಳಿ ನಾವು ಯಾರನ್ನೂ ಒಪ್ಪಿಸಿಬಿಟ್ಟೆವು ಅಂತಲ್ಲ. ಒಬ್ಬನೇ ಇರಬೇಕು ಅನ್ನಿಸೋದು ನಿಜ. ಮೂರು ಜನರ ರೂಮಿನಲ್ಲಿ ನಾಲ್ಕು ಜನ ಮಲಗಿ ನಾಲ್ಕು ವರ್ಷ ಕಳೆದವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಸ್ನಾನದ ಮನೆ ಬಿಟ್ಟರೆ ನಮಗೆ ಏಕಾಂತ ಸಿಕ್ಕ ಜಾಗ ಇಲ್ಲ, ಅಲ್ಲೂ ಹೊರಗೆ ಬಕೆಟ್ ಹಿಡಿದು ಒಬ್ಬ ನಿಂತಿರ್ತಾನೆ. ಅವನು ಅಜ್ಜಿ ಮನೆಗೆ ಹೋಗೋದೇ ಸರಿ ಅಂತ ಈಗ ನಾವೂ ಒಪ್ಪಿದ್ದೇವೆ. ನಾವು ಜಗಳ ಆಡಿದ್ದು ಎರಡು ವಿಷಯಕ್ಕೆ. ಒಂದು, ಫೋನ್ ಆಫ್ ಮಾಡೋದು. ಇನ್ನೊಂದು, ವಾಪಸ್ ಬರೋ ದಿನ ಹೇಳದೇ ಇರೋದು. ಮೊದಲನೆಯದರಲ್ಲಿ ಅರ್ಧ ಗೆದ್ದೆವು: ಮನೆಯಲ್ಲಿ ಹೇಗೂ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಬರುತ್ತಂತೆ, ಭಾನುವಾರಕ್ಕೊಮ್ಮೆ ಹತ್ತುತ್ತಾನೆ. ಎರಡನೆಯದರಲ್ಲಿ ಗಣೇಶ ಚೌತಿ ಅಂತ ಬಾಯಿಬಿಟ್ಟಿದ್ದಾನೆ. ಅಜ್ಜಿಯ ಹತ್ತಿರವೂ ಫೋನಿನಲ್ಲಿ ಮಾತಾಡಿದ್ದೇವೆ. ಅವರಿಗೆ ವರ್ನನ್ ಗೊತ್ತಿಲ್ಲ, "ಹುಡುಗ ಊಟ ಸರಿಯಾಗಿ ಮಾಡ್ತಾನಾ?" ಅಂತ ಕೇಳಿದರು.

ನಾಲ್ವರೂ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಡೈನಾಮಿಕ್ ಮೈಕ್ ತಗೊಂಡಿದ್ದೇವೆ. ಎಸ್‌ಎಂ57 ಅಲ್ಲ, ಅದರ ದೂರದ ನೆಂಟ. ಅದು ಅವನ ಬ್ಯಾಗಿನಲ್ಲಿ ಹೋಗುತ್ತೆ. ಅವನು ಒಂದು ದನಿ ಹಾಡಿ ಗುಡ್ಡ ಹತ್ತಿ ಅಪ್‌ಲೋಡ್ ಮಾಡಬೇಕು. ಉಳಿದ ದನಿಗಳು ಬೆಂಗಳೂರಿನ ಒಂದು ಪಿಜಿಯಿಂದ, ಪುಣೆಯಿಂದ, ಹೈದರಾಬಾದಿನಿಂದ ಬರುತ್ತವೆ. ನಮ್ಮ ಮೂವರಲ್ಲಿ ಇಬ್ಬರಿಗೆ ಶ್ರುತಿ ನಿಲ್ಲಲ್ಲ, ಬೀಟ್ಸ್‌ಗೆ ಕೊರತೆ ಆಗಲಿಕ್ಕಿಲ್ಲ. ಡ್ರೈವಿನಲ್ಲಿ ಫೋಲ್ಡರ್ ಮಾಡಿಟ್ಟಿದ್ದೇವೆ. ಕ್ಲಿಕ್ ಟ್ರ್ಯಾಕ್ 72 ಬಿಪಿಎಂ ಅಂತ ತೀರ್ಮಾನವಾಗಿದೆ. ಹಾಡು ಇನ್ನೂ ಇಲ್ಲ.