ಕಂಪನಿ ಹೋಯ್ತು, ಸಭೆ ಉಳೀತು

ಮಂಗಳೂರಿನ ಬಲ್ಮಠದ ಶಾಂತಿ ಕೆಥೆಡ್ರಲ್ 1862ರ ಕಟ್ಟಡ. ಅದರ ಮುಂದೆ ಬಸ್ಸಲ್ಲಿ ಎಷ್ಟೋ ಸಲ ಹೋಗಿದ್ದೀನಿ. ಆ ಸಭೆಯ ಇತಿಹಾಸ ಓದೋಕೆ ಕೂತಾಗ ಸಿಕ್ಕಿದ್ದು ಮಾತ್ರ ಪ್ರಾರ್ಥನೆಗಿಂತ ಹೆಚ್ಚಾಗಿ ಕೆಲಸದ ಕತೆ.

1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಇಲ್ಲಿಗೆ ಬಂದರು. ಆಗ ಕ್ರೈಸ್ತರಾಗೋದು ಅಂದ್ರೆ ಬರೀ ನಂಬಿಕೆ ಬದಲಿಸೋದಲ್ಲ. ಮನೆ ಬಾಗಿಲು ಮುಚ್ಚುತ್ತಿತ್ತು, ಗೇಣಿ ಗದ್ದೆ ಕೈತಪ್ಪುತ್ತಿತ್ತು. ಮತಾಂತರವಾದರೂ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗಬಾರದು ಅನ್ನೋ ಕಾನೂನು ಬಂದದ್ದೇ 1850ರಲ್ಲಿ. ಆದರೆ ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು, ಅವರಿಗೆ ಬಿಟ್ಟು ಬರೋಕೆ ದೊಡ್ಡ ಆಸ್ತಿಯೇನೂ ಇರಲಿಲ್ಲ. ಇದ್ದ ಮೂರ್ತೆ ಕಸುಬನ್ನೂ ಮಿಶನ್ ಒಪ್ಪುತ್ತಿರಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರೂ ಬಂಧುಬಳಗ ಕಳಕೊಂಡೇ ಬಂದವರು.

ಸರಿ, ಹೊಟ್ಟೆಗೇನು? ಹಾಗಾಗಿ ಮಗ್ಗ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' (1843), ಕಿಟೆಲ್ ನಿಘಂಟು (1894) ನಮಗೆ ನೆನಪಿವೆ. ಅಚ್ಚುಮೊಳೆ ಜೋಡಿಸಿದ ಕೈಗಳ ಹೆಸರು ಯಾರಿಗೂ ನೆನಪಿಲ್ಲ.

ಇದರಲ್ಲೊಂದು ಇಕ್ಕಟ್ಟೂ ಇತ್ತು. ಭಾನುವಾರ ಪ್ರಸಂಗ ಮಾಡೋದೂ ಸೋಮವಾರ ಕೂಲಿ ಕೊಡೋದೂ ಒಂದೇ ಮಿಶನ್. ಅಂಥ ಕಡೆ ಎದುರು ಮಾತಾಡೋದು ಎಷ್ಟು ಕಷ್ಟ ಅಂತ ಅಪ್ರೈಸಲ್ ತಿಂಗಳಲ್ಲಿರೋ ನಿಮಗೆ ಬಿಡಿಸಿ ಹೇಳಬೇಕಾ?

1914ರ ಮಹಾಯುದ್ಧ ಈ ಗಂಟನ್ನು ಬಿಚ್ಚಿತು. ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಅನ್ನ ಕೊಟ್ಟವರೇ ಹೋದ ಮೇಲೆ ಸಭೆಯೂ ಚದುರಬೇಕಿತ್ತು, ಅಲ್ವಾ? ಚದುರಲಿಲ್ಲ. ಈಗದು 1947ರಲ್ಲಿ ಹುಟ್ಟಿದ ಸಿಎಸ್‌ಐನ ಭಾಗ.

ಯಾಕೆ ಉಳೀತು? ನನಗನ್ನಿಸೋದು ಇಷ್ಟು. ನಮ್ಮ ಆಫೀಸಲ್ಲೂ 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತಾರೆ. ಪ್ರಾಜೆಕ್ಟ್ ಮುಗಿದ ಮಾರನೇ ವಾರ ವಾಟ್ಸಾಪ್ ಗ್ರೂಪ್ ಸದ್ದಿಲ್ಲದೆ ಸಾಯುತ್ತೆ. ಇವರದು ಹಾಗಿರಲಿಲ್ಲ. ಜಾತಿ ಬಿಟ್ಟು ಬಾ ಅಂದಿದ್ದ ಮಿಶನ್, ಬೇರೆ ಬೇರೆ ಜಾತಿಯಿಂದ ಬಂದವರನ್ನು ಕರ್ತನ ಭೋಜನಕ್ಕೆ ಒಟ್ಟಿಗೆ ಕೂರಿಸಿತ್ತು. ನೆಂಟರನ್ನು ಕಳಕೊಂಡವರು ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದು ನೆಂಟರಾದರು. ಸಂಬಳ ಕೊಡುವವರು ಬದಲಾದರು. ಸಾವಿಗೆ ಹೆಗಲು ಕೊಡುವವರು ಪಕ್ಕದ ಬೆಂಚಿನಲ್ಲೇ ಇದ್ದರು.